ಬಾಗಿಲ ಸಂದಿ

ಮೂರು ವರ್ಷದ ಹಿಂದೆ ಒಂದು ಜ್ವರ ಬಂದು
ಹೋಗುವಾಗ ನನ್ನ ಮೂಗನ್ನೂ ಗಂಟು ಕಟ್ಟಿಕೊಂಡು ಹೋಯಿತು.
ಈಗ ಮುಖದ ಮೇಲೆ ಇರುವುದು ಕನ್ನಡಕ ನಿಲ್ಲಲಿಕ್ಕೆ.
ಕಾಫಿ ಬರೀ ಬಿಸಿ. ಬರ್ಚ್ ಸೌದೆ ಬರೀ ಸದ್ದು.

ಕ್ರಿಸ್‌ಮಸ್‌ಗೆ ಮುಂಚೆ ನಾದಿನಿ ಹೆಲ್ವಿ ಬಂದಳು.
ಕೋಟಿನ ಗುಂಡಿ ಬಿಚ್ಚುವ ಮೊದಲೇ ಅಂದಳು:
"ಸೈಮಿ, ನಿನ್ನ ಮನೆಯೆಲ್ಲ ನಾಯಿನಾತ."
ವಾಸನೆ ಹೋಗಿತ್ತು ನಿಜ;
ನಾಚಿಕೆ ಮಾತ್ರ ಮೂಗಿನ ತುದಿಯಲ್ಲೇ ಇತ್ತು.

ಕುವೊಪಿಯೊ ಪೇಟೆಯಲ್ಲಿ ಕೊಂಡೆ: ಬಿಳಿ ಪಿಂಗಾಣಿಯ ಯಂತ್ರ,
ನೀರು ಹಾಕಿ ಗುಂಡಿ ಒತ್ತಿದರೆ ಉಸಿರಿನಂಥ ಮಂಜು.
ಜೊತೆಗೆ ಪುಟ್ಟ ಸೀಸೆಗಳು, ನೀಲಗಿರಿ, ದಾಲ್ಚಿನ್ನಿ, ಟೀ ಟ್ರೀ.
ಚೀಟಿಯ ಮೇಲೆ "ಅಪ್ಪಟ ನಿಸರ್ಗ".
ವಿಷದ ಅಣಬೆಯೂ ಅಪ್ಪಟ ನಿಸರ್ಗವೇ
ಎಂಬುದು, ಕಾಡಂಚಿನಲ್ಲಿ ಬೆಳೆದ ನನಗೆ,
ಅಂಗಡಿಯ ದೀಪದ ಕೆಳಗೆ ನೆನಪಾಗಲಿಲ್ಲ.

ಐದು ಹನಿ ಅಂತ ಬರೆದಿತ್ತು. ಐದು ಹಾಕಿದೆ.
ಏನೂ ಬರಲಿಲ್ಲ.
ಹತ್ತು.
ಇಪ್ಪತ್ತು.
ಹೊರಗೆ ಮೈನಸ್ ಇಪ್ಪತ್ತಾರು. ಕಿಟಕಿಗೆ ಮೂರು ಪದರ ಗಾಜು.
ಕಲ್ಲವೇಸಿ ಸರೋವರ ಹೆಪ್ಪುಗಟ್ಟಿ, ಕಲ್ಲಾಗಿ,
ರಾತ್ರಿಯಿಡೀ ಬಿರಿದು ಗುಡುಗುತ್ತಿತ್ತು.
ಒಳಗೆ ನಾನು, ಕಿವುಡಿ ರೇಡಿಯೋದ ದನಿ ಏರಿಸುವಂತೆ,
ಹನಿ ಏರಿಸುತ್ತಲೇ ಇದ್ದೆ.

ಉತು, ನಿನಗೆ ಹೆಸರಿಟ್ಟವಳು ನಾನೇ.
ಉತು ಅಂದರೆ ಮಂಜು. ಮರಿಯಾಗಿದ್ದಾಗ
ನಿನ್ನ ಬಣ್ಣ ನವೆಂಬರಿನ ನೀರಿನ ಮೇಲಿನದು.
ನಿನ್ನನ್ನು ಮಂಜಿನಲ್ಲೇ ಉಸಿರುಗಟ್ಟಿಸಿದೆ ಎಂದು ಯಾರಿಗೆ ಹೇಳಲಿ?

ನೀನು ಹೇಳಿದ್ದೆ.
ಮೊದಲು ನನ್ನ ಹಾಸಿಗೆಯ ಕಾಲ್ದೆಸೆ ಬಿಟ್ಟೆ.
ಆಮೇಲೆ ಒಲೆಯ ಪಕ್ಕ ಬಿಟ್ಟೆ.
ಆಮೇಲೆ ಹೊರಬಾಗಿಲ ಸಂದಿಗೆ,
ಹಿಮಗಾಳಿ ಸೂಜಿಯಂತೆ ನುಗ್ಗುವ ಆ ಒಂದು ಬೆರಳಗಲಕ್ಕೆ
ಮೂತಿ ಒತ್ತಿ ಮಲಗಿದೆ.
ಮುದಿ ನಾಯಿಗೆ ಸೆಕೆ, ಅಂದುಕೊಂಡೆ.
ಪಂಜ ಕೆರೆದುಕೊಳ್ಳುತ್ತೀಯೆಂದು
ಟೀ ಟ್ರೀ ಎಣ್ಣೆ ಸವರಿದ್ದೂ ನಾನೇ. ನೆಕ್ಕಿದ್ದು ನೀನು.

ಬೆಳಿಗ್ಗೆ ನಿನ್ನ ಹಿಂಗಾಲು ಬೇರೆ ಯಾರದ್ದೋ ಆಗಿತ್ತು.
ಜೊಲ್ಲು. ನಡುಕ. ನನ್ನನ್ನು ದಾಟಿ ನೋಡುವ ಕಣ್ಣು.

ಡಾಕ್ಟರ್ ವೆನ್ಲ, ಮೊಮ್ಮಗಳ ವಯಸ್ಸಿನವಳು, ಬೈಯಲಿಲ್ಲ.
ಪಂಜ ತೊಳೆದಳು, ಮತ್ತೆ ತೊಳೆದಳು, ನರಕ್ಕೆ ನೀರು ಹತ್ತಿಸಿದಳು.
"ಮೈಗೆ ಒಂದು ಹನಿಯೂ ಬೇಡ. ನೆಕ್ಕದ ನಾಯಿ ಎಲ್ಲಿದೆ?
ಟೀ ಟ್ರೀ ಮನೆಗೇ ಬೇಡ. ಯಾವ ಸುವಾಸನೆ ಇಟ್ಟರೂ
ಬಾಗಿಲು ತೆರೆದಿರಲಿ,
ಅದಕ್ಕೆ ಎದ್ದು ಹೋಗಬೇಕೆನಿಸಿದರೆ ಹೋಗುವ ಹಾಗೆ."
ಆಮೇಲೆ, ಮೆಲ್ಲಗೆ: "ನಿಮಗೆ ಗೊತ್ತಾಗಲಿಲ್ಲವೇ?
ನಿಮ್ಮ ಕೋಟಿನಿಂದಲೇ ನನ್ನ ಕಣ್ಣು ಉರಿಯುತ್ತಿದೆ."

ಮೂರನೆಯ ದಿನ ನೀನು ನಡೆದೇ ಬಂದೆ,
ಹಡಗಿನಿಂದ ಇಳಿದವರ ಹಾಗೆ ತುಸು ವಾಲುತ್ತ.

ಯಂತ್ರದೊಳಗೆ ಈಗ ಅಂಗಿಯ ಗುಂಡಿಗಳಿವೆ.
ನಿನ್ನ ಕಂಬಳಿಯನ್ನು ವಾರಕ್ಕೆರಡು ಸಲ ಒಗೆಯುತ್ತೇನೆ
ವಾಸನೆಯಿಲ್ಲದ ಸಾಬೂನಿನಲ್ಲಿ.
(ಎಲ್ಲ ಸಾಬೂನೂ ನನಗೆ ಅಂಥದ್ದೇ; ಚೀಟಿ ಓದಿ ಕೊಳ್ಳುತ್ತೇನೆ.)
ಹೆಲ್ವಿ ಬಂದರೆ ಕಿಟಕಿ ತೆರೆಯುತ್ತೇನೆ.
ಅವಳು ಕೋಟು ಬಿಚ್ಚುವುದಿಲ್ಲ, ಬೇಗ ಹೊರಡುತ್ತಾಳೆ.

ಮನೆಗೆ ಏನೇ ತಂದರೂ, ಮೇಣದಬತ್ತಿಯೋ, ಹೂವೋ,
ಒಳಗೆ ತರುವ ಮೊದಲು ನಿನ್ನ ಮುಂದೆ ಹಿಡಿಯುತ್ತೇನೆ.
ನೀನು ಮುಖ ತಿರುಗಿಸಿದ್ದು ಹೊಸ್ತಿಲು ದಾಟುವುದಿಲ್ಲ.

ಇವತ್ತು ಸಂಜೆ ನನ್ನ ಮಣಿಕಟ್ಟಿಗೆ ಮೂಗಿಟ್ಟು
ತುಂಬ ಹೊತ್ತು ಓದಿದೆ.
ನನ್ನ ವಾಸನೆ ಹೇಗಿದೆಯೆಂದು ನಾನು ಮರೆತಿದ್ದೇನೆ, ಉತು.
ಏನಿದೆ ಅಲ್ಲಿ, ಅಂದೆ.
ನೀನು ಒಂದು ಸೀನು ಸೀನಿ,
ಅಲ್ಲೇ, ನನ್ನ ಪಾದದ ಮೇಲೇ ಮಲಗಿದೆ.
ಬಾಗಿಲ ಸಂದಿಯಲ್ಲಿ ಗಾಳಿ ಒಂದೇ ಇತ್ತು.